ರವಾಂಗ್ ಬೈಬಲ್ ಓದೋಕೆ ಕಲಿತ ಬಗೆ

ರವಾಂಗ್ ಭಾಷೆ ನನಗೆ ಮಾತಾಡೋಕೆ ಬರುವುದಿಲ್ಲ. ಓದೋಕೆ ಬರುತ್ತದೆ. ಅದೂ ಗಟ್ಟಿಯಾಗಿ, ಸಭೆಯ ಮುಂದೆ ನಿಂತು, ಅವರಿಗೆ ಅರ್ಥವಾಗುವ ಹಾಗೆ. ಮಾತೇ ಬಾರದವನು ಓದುವುದು ಹೇಗೆ ಅಂತ ನಮ್ಮ ಚರ್ಚಿನಲ್ಲಿ ಕೇಳುವವರು ಜಾಸ್ತಿ. ಅವರಿಗಾಗಿ ಇದು.

ರವಾಂಗರು ಮ್ಯಾನ್ಮಾರ್‌ನ ಉತ್ತರ ತುದಿಯ ಬೆಟ್ಟದ ಜನ. ಕಚಿನ್ ರಾಜ್ಯದ ಪುಟಾವೊ ಪೇಟೆ, ಅದರಾಚೆ ನೋಗ್ಮುಂಗ್ ಕಡೆಯ ಕಣಿವೆಗಳು ಅವರ ನೆಲ. ಒಂದು ಪಕ್ಕ ಚೀನಾದ ಯುನ್ನಾನ್, ಇನ್ನೊಂದು ಪಕ್ಕ ನಮ್ಮ ಅರುಣಾಚಲ. ಮಲಿ ಖಾ ಮತ್ತು ಎನ್‌ಮಾಯ್ ಖಾ ನದಿಗಳು ಕೂಡಿ ಐರಾವತಿ ಆಗುತ್ತದಲ್ಲ, ಆ ನದಿಗಳ ಮೇಲುಭಾಗ. ಹೆಚ್ಚಿನವರು ಕ್ರೈಸ್ತರು. ಸರ್ಕಾರ ಇವರನ್ನು ಕಚಿನ್ ಗುಂಪಿನ ಪಟ್ಟಿಯಲ್ಲಿ ಇಟ್ಟಿದೆ. ಅದನ್ನು ಒಪ್ಪುವ ರವಾಂಗರೂ ಇದ್ದಾರೆ, ನಾವು ಬೇರೆಯೇ ಅನ್ನುವವರೂ ಇದ್ದಾರೆ. ಹೊಸದಾಗಿ ಪರಿಚಯವಾದವರು ಈ ವಿಷಯದಲ್ಲಿ ಬಾಯಿ ಹಾಕದಿರುವುದು ಒಳ್ಳೆಯದು.

ದೇವಶಾಸ್ತ್ರ ಓದಲು ಮ್ಯಾನ್ಮಾರ್‌ನಿಂದ ಬೆಂಗಳೂರಿಗೆ ಹುಡುಗರು ಬರುತ್ತಾರೆ. ಅವರಲ್ಲೊಬ್ಬ ರವಾಂಗ್ ಹುಡುಗ ನನಗೆ ಗೆಳೆಯನಾದ. ನಾನು ಮಂಗಳೂರಿನ ಬಾಸೆಲ್ ಮಿಷನ್ ಮನೆತನದವನು, ಮನೆಮಾತು ತುಳು. ಅವನ ಬೈಬಲ್ ಬಿಡಿಸಿ ನೋಡಿದೆ. ಎಲ್ಲ ರೋಮನ್ ಅಕ್ಷರ, ತಲೆ ಮೇಲೆ ಸಣ್ಣ ಸಣ್ಣ ಗೀಟು. ಓದು ಕಲಿಸು ಮಾರಾಯ ಅಂದೆ.

ಅಕ್ಷರಗಳ ಲೆಕ್ಕಾಚಾರ ಹೀಗಿದೆ. ‘ವಿ’ ಅಕ್ಷರ ಅಲ್ಲಿ ವ್ಯಂಜನವೇ ಅಲ್ಲ, ಸ್ವರ. ನಾವು ‘ಮರ’ ಅನ್ನುವಾಗ ಮ-ದ ಒಳಗೆ ಬರುವ ಮೊಟಕು ಅಕಾರ ಇದೆಯಲ್ಲ, ಸುಮಾರು ಅದೇ. ಇಂಗ್ಲಿಷ್ ಅಭ್ಯಾಸದವರು ಇಲ್ಲಿ ಎಡವುತ್ತಾರೆ, ಕನ್ನಡದವರಿಗೆ ಸಲೀಸು. ‘ಓ’ ನಡುವೆ ಓರೆಯಾಗಿ ಗೀಟು ಹೊಡೆದ ಅಕ್ಷರ ಒಂದಿದೆ. ಅದು ತುಳುವಿನಲ್ಲಿ ಪದದ ಕೊನೆಗೆ ಬರುವ ಅರ್ಧ ಉಕಾರದ ಹತ್ತಿರದ ಸದ್ದು. ಅಜ್ಜಿ ಕಲಿಸಿದ್ದು ಇಲ್ಲಿ ಕೆಲಸಕ್ಕೆ ಬಂತು. ‘ಸಿ’ ಅಂದರೆ ಸ ಅಥವಾ ತ್ಸ. ಎರಡು ಚುಕ್ಕೆ, ಅಂದರೆ ನಮ್ಮ ವಿಸರ್ಗದಂತೆ ಕಾಣುವ ಚಿಹ್ನೆ, ಬಂದರೆ ಹಿಂದಿನ ಸ್ವರವನ್ನು ಎಳೆಯಬೇಕು. ‘ಕ್ಯೂ’ ಬಂದರೆ ಗಂಟಲಲ್ಲಿ ಉಸಿರನ್ನು ಟಕ್ಕನೆ ತಡೆದು ಬಿಡಬೇಕು. ಕನ್ನಡದಲ್ಲಿ ಇದಕ್ಕೆ ಅಕ್ಷರವಿಲ್ಲ. ಬೇಡ ಅನ್ನಲು ಮಕ್ಕಳು ‘ಅ-ಅ’ ಅನ್ನುತ್ತಾರಲ್ಲ, ಆ ಎರಡರ ನಡುವಿನ ತಡೆ ಅದು.

ಕಷ್ಟ ಇರುವುದು ಗೀಟಿನಲ್ಲಿ. ಮೇಲಕ್ಕೆ ಓರೆ ಗೀಟಿದ್ದರೆ ಏರುದನಿ, ಮಲಗಿದ ಗೀಟಿದ್ದರೆ ಸಮದನಿ, ಕೆಳಕ್ಕೆ ಓರೆಯಿದ್ದರೆ ಇಳಿದನಿ. ದನಿ ತಪ್ಪಿದರೆ ಪದವೇ ಬೇರೆ. ಪ, ತ, ಕ ಅಥವಾ ಆ ಗಂಟಲ ತಡೆಯಿಂದ ಮುಗಿಯುವ ಉಚ್ಚಾರದ ಮೇಲೆ ಗೀಟೇ ಇರುವುದಿಲ್ಲ, ಯಾಕೆಂದರೆ ಅವೆಲ್ಲ ಏರುದನಿಯೇ. ಈ ಒಂದು ನಿಯಮ ಗೊತ್ತಾದ ಮೇಲೆ ನನ್ನ ಓದು ಅರ್ಧ ಸರಿಹೋಯಿತು. ನಾನು ನೋಟ್‌ಬುಕ್ಕಿನಲ್ಲಿ ಇಡೀ ವಚನವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು, ತಲೆ ಮೇಲೆ ಅವರದೇ ಗೀಟು ಕೆಂಪು ಪೆನ್ನಿನಲ್ಲಿ ಹಾಕುತ್ತಿದ್ದೆ. ಗೆಳೆಯ ಒಂದೊಂದು ವಚನ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೊಡುತ್ತಿದ್ದ. ಬಸ್ಸಿನಲ್ಲಿ ಅದೇ ಕೇಳುವುದು, ಮೆಲ್ಲಗೆ ಹಿಂದೆಯೇ ಹೇಳುವುದು.

ಹಾಡಿನಿಂದ ದನಿ ಕಲಿಯೋಣ ಅಂತ ಕೆಲವರು ಅಂದುಕೊಳ್ಳುತ್ತಾರೆ. ಅದು ಆಗದ ಮಾತು. ಪಾಶ್ಚಾತ್ಯ ರಾಗಕ್ಕೆ ಹೊಂದಿಸಿದ ಹಾಡಿನಲ್ಲಿ ರಾಗ ಹೋದ ಕಡೆ ಪದ ಹೋಗುತ್ತದೆ, ಪದದ ಸ್ವಂತ ಏರಿಳಿತ ಕೇಳುವುದೇ ಇಲ್ಲ. ಹಾಡು ನಾಲಿಗೆ ತಿರುಗಿಸೋಕೆ ಒಳ್ಳೆಯದು, ದನಿಗೆ ಓದೇ ಬೇಕು.

ರವಾಂಗ್ ಭಾಷೆಗೆ ಈ ರೋಮನ್ ಬರಹವನ್ನು ರೂಪಿಸಿದವರು ರಾಬರ್ಟ್ ಮೋರ್ಸ್. ಅವರ ತಂದೆ ತಾಯಿ ರಸೆಲ್ ಮತ್ತು ಗರ್ಟ್ರೂಡ್ ಮೋರ್ಸ್ ಅಮೆರಿಕದಿಂದ 1921ರಲ್ಲಿ ಮಿಷನರಿಗಳಾಗಿ ಚೀನಾಕ್ಕೆ ಬಂದವರು. ಅಲ್ಲಿ ಲಿಸು ಜನರ ನಡುವೆ ದುಡಿದು, ಕೊನೆಗೆ ಗಡಿಯ ಈಚೆ ಪುಟಾವೊ ಕಡೆ ನೆಲೆ ನಿಂತರು. ರವಾಂಗರಲ್ಲಿ ಕುಲ ಬಹಳ, ಮಾತಿನ ಬಗೆಗಳೂ ಬಹಳ. ಕೆಲವು ಕಡೆ ಒಂದು ಕಣಿವೆಯವರ ಮಾತು ಇನ್ನೊಂದು ಕಣಿವೆಯವರಿಗೆ ತಿಳಿಯದು. ಮತ್ವಾಂಗ್ ಎಂಬ ಮಾತು ಹೆಚ್ಚು ಜನರಿಗೆ ಅರ್ಥವಾಗುತ್ತಿದ್ದರಿಂದ ಅದನ್ನೇ ಬರಹಕ್ಕೆ ಹಿಡಿದರು. ಈಗ ಬೇರೆ ಬೇರೆ ಕುಲದವರು ಸೇರಿದಾಗ ಆಡುವುದೂ ಅದನ್ನೇ. ಬೈಬಲ್ ಓದಿ ಓದಿ ಎಲ್ಲರ ಕಿವಿಗೂ ಒಂದೇ ಮಾತು ಬಿದ್ದದ್ದು ಇದಕ್ಕೆ ಬಲ ಕೊಟ್ಟಿದೆ ಅಂತ ನನ್ನ ಅಂದಾಜು.

1965ರ ಕೊನೆಗೆ ಮ್ಯಾನ್ಮಾರ್ ಸರ್ಕಾರ ಮೋರ್ಸ್ ಕುಟುಂಬಕ್ಕೆ ದೇಶ ಬಿಡಲು ಹೇಳಿತು. ಅವರು ಪಶ್ಚಿಮಕ್ಕೆ ನಡೆದು, ಭಾರತದ ಗಡಿ ಹತ್ತಿರದ ಜನವಸತಿಯಿಲ್ಲದ ಕಾಡಿನ ಕಣಿವೆಯೊಂದರಲ್ಲಿ ಉಳಿದರು. ಲಿಸು ಮತ್ತು ರವಾಂಗ್ ಜನರೂ ಜೊತೆಗಿದ್ದರು. 1972ರವರೆಗೆ ಅಲ್ಲೇ. ಆಮೇಲೆ ದೇಶದಿಂದ ಹೊರಗೆ ಕಳಿಸಿದರು. ಹೊಸ ಒಡಂಬಡಿಕೆ ಅಚ್ಚಾದದ್ದು 1974ರಲ್ಲಿ, ಪೂರ್ತಿ ಬೈಬಲ್ 1986ರಲ್ಲಿ. ಅಂದರೆ ಪುಸ್ತಕ ಬಂದಾಗ ಮಿಷನರಿಗಳು ಊರಲ್ಲಿ ಇರಲಿಲ್ಲ. ಓದಿದ್ದು, ಕಲಿಸಿದ್ದು, ಸಭೆ ನಡೆಸಿದ್ದು ಎಲ್ಲ ಊರಿನವರೇ. ‘ಬಿಳಿಯರ ಧರ್ಮ’ ಅಂತ ಸುಮ್ನೆ ತಳ್ಳಿಹಾಕುವವರು ಇದನ್ನು ಸ್ವಲ್ಪ ಯೋಚಿಸಬೇಕು.

ನಾನು ಪುಟಾವೊಗೆ ಹೋದದ್ದು 2021ರ ಫೆಬ್ರವರಿಯಲ್ಲಿ ಸೇನೆ ಅಧಿಕಾರ ಹಿಡಿಯುವುದಕ್ಕೆ ಮುಂಚೆ, ಒಂದು ಕ್ರಿಸ್ಮಸ್ ಸಮಯದಲ್ಲಿ. ಆಗ ವಿದೇಶಿಯರಿಗೆ ಅನುಮತಿ ಪತ್ರ ಬೇಕಿತ್ತು, ಗೈಡ್ ಬೇಕಿತ್ತು. ಕಚಿನ್ ರಾಜಧಾನಿ ಮಿಚೀನಾದಿಂದ ಸಣ್ಣ ವಿಮಾನದಲ್ಲಿ ಹೋದೆ. ರಸ್ತೆ ಇದೆ, ಆದರೆ ಅದರ ಬಗ್ಗೆ ಅಲ್ಲಿಯವರೇ ಒಳ್ಳೆ ಮಾತಾಡುವುದಿಲ್ಲ.

ಪೇಟೆ ಹೊರಗಿನ ಮುಲಾಶಿಡಿಯಲ್ಲಿ ಮನೆ ಮನೆಗೂ ಕಿತ್ತಳೆ ಗಿಡ. ಒಳ್ಳೆ ಜಾತಿಯ ಕಿತ್ತಳೆ, ಚಕ್ಕೋತ ತಂದು ಕಸಿ ಕಟ್ಟೋಕೆ ಕಲಿಸಿದ್ದು ಮೋರ್ಸ್ ಕುಟುಂಬ. ಪುಟಾವೊ ಕಿತ್ತಳೆಗೆ ಈಗಲೂ ಹೆಸರಿದೆ. ಆದರೆ ಮೇಲಿನ ಊರುಗಳ ಕಥೆ ಬೇರೆ. ಅಲ್ಲಿ ಕಾಡು ಕಡಿದು ಸುಟ್ಟು ಬಿತ್ತುವ ಬೇಸಾಯ, ಮೆಕ್ಕೆಜೋಳ, ಸ್ವಲ್ಪ ಭತ್ತ. ಸಾಮಾನು ಬುಟ್ಟಿಯಲ್ಲಿ ತುಂಬಿ, ಪಟ್ಟಿಯನ್ನು ಹಣೆಗೆ ಕೊಟ್ಟು ಹೊರುತ್ತಾರೆ. ಉಪ್ಪು ಸಿಗುವುದೇ ಕಷ್ಟವಾಗಿತ್ತು. ವನ್ಯಜೀವಿ ವಿಜ್ಞಾನಿ ಅಲನ್ ರಾಬಿನೊವಿಟ್ಜ್ 1990ರ ದಶಕದ ಕೊನೆಯಲ್ಲಿ ಈ ಕಡೆ ಬಂದಾಗ ನೋಡಿದ್ದೂ ಇದನ್ನೇ. ಜನ ಬೇಟೆಯಾಡಿದ ಪ್ರಾಣಿಗಳ ಚರ್ಮ, ಮೂಳೆ ಕೊಟ್ಟು ಗಡಿಯಾಚೆಯ ವ್ಯಾಪಾರಿಗಳಿಂದ ಉಪ್ಪು ಪಡೆಯುತ್ತಿದ್ದರು. ‘ನೀವು ಭೂಮಿಗೆ ಉಪ್ಪಾಗಿದ್ದೀರಿ’ ಎಂಬ ಯೇಸುವಿನ ವಚನವನ್ನು ಅಲ್ಲಿ ಪ್ರಸಂಗ ಮಾಡಿ ವಿವರಿಸಬೇಕಾಗಿಲ್ಲ.

ಭಾನುವಾರ ಯಾರೂ ಹೊಲಕ್ಕೆ ಹೋಗಲಿಲ್ಲ. ನಾನು ಕೂತದ್ದು ಮೋರ್ಸ್ ಪರಂಪರೆಯ ಚರ್ಚ್ ಆಫ್ ಕ್ರೈಸ್ಟ್ ಸಭೆಯಲ್ಲಿ. ಬ್ಯಾಪ್ಟಿಸ್ಟರು, ಅಸೆಂಬ್ಲೀಸ್ ಆಫ್ ಗಾಡ್‌ನವರೂ ರವಾಂಗರಲ್ಲಿ ಇದ್ದಾರೆ. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ರೂಢಿಯವನಿಗೆ ಎರಡು ವಿಷಯ ಕಣ್ಣಿಗೆ ಬೀಳುತ್ತದೆ. ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದು, ಪ್ರತಿ ಭಾನುವಾರವೂ ಇದೆ. ದೀಕ್ಷಾಸ್ನಾನ ದೊಡ್ಡವರಾದ ಮೇಲೆ, ನೀರಿನಲ್ಲಿ ಪೂರ್ತಿ ಮುಳುಗಿಸಿ. ಎಲ್ಲ ನೋಡಿಕೊಳ್ಳುವವರು ಸಭೆಯ ಹಿರಿಯರು. ಹಾಡು ಬಂದಾಗ ಯಾರೂ ಶ್ರುತಿ ಕೊಡಲಿಲ್ಲ. ಹೆಂಗಸರ ಕಡೆಯಿಂದ ಒಬ್ಬರು ಶುರು ಮಾಡಿದರು, ಎರಡನೇ ಸಾಲಿಗೆ ನಾಲ್ಕೂ ದನಿ ಬೇರೆ ಬೇರೆಯಾಗಿ ಕೂಡಿಕೊಂಡವು. ಕಾಣಿಕೆಗೆ ದುಡ್ಡಿನ ಜೊತೆ ಅಕ್ಕಿ, ತರಕಾರಿ ಬಂದಿತ್ತು. ನಮ್ಮ ಸುಗ್ಗಿ ಹಬ್ಬದ ದಿನ ಪ್ರಥಮ ಫಲ ತಂದು ಏಲಂ ಹಾಕುತ್ತೇವಲ್ಲ, ಅಲ್ಲಿ ಏಲಂ ಇಲ್ಲ. ಇಲ್ಲದವರ ಮನೆಗೆ ಹೋಗುತ್ತದೆ ಅಂದರು.

ಯೇಸು ಹುಟ್ಟಿದ ಕಥೆಯಿರುವ ಲೂಕ ಎರಡನೇ ಅಧ್ಯಾಯ ಓದೋಕೆ ನನ್ನನ್ನು ಕರೆದರು. ಕನ್ನಡ ಲಿಪಿಯ ನೋಟ್‌ಬುಕ್ ಬದಿಗಿಟ್ಟು ಅವರ ಪುಸ್ತಕದಿಂದಲೇ ಓದಿದೆ. ಒಂದೆರಡು ಕಡೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ದನಿ ತಿದ್ದಿ ಕೊಟ್ಟಳು, ನಾನು ಮತ್ತೆ ಹೇಳಿದೆ. ಯಾರಿಗೂ ಅದು ವಿಶೇಷ ಅನಿಸಲಿಲ್ಲ. ಮಕ್ಕಳು ಓದುವಾಗಲೂ ಹೀಗೇ ತಿದ್ದುತ್ತಾರಂತೆ.

ಕಲಿಯಬೇಕು ಅನ್ನುವವರಿಗೆ ಎರಡು ಮಾತು. ಮಾರ್ಕನ ಸುವಾರ್ತೆಯಿಂದ ಶುರು ಮಾಡಿ, ಕಥೆ ಗೊತ್ತಿರುವುದರಿಂದ ಮುಂದೇನು ಬರುತ್ತದೆ ಅಂತ ಊಹೆ ಸಿಗುತ್ತದೆ. ಅಪೊಸ್ತಲರು ಸಭೆಗಳಿಗೆ ಬರೆದ ಪತ್ರಗಳಿಗೆ, ಅದರಲ್ಲೂ ಪೌಲ ರೋಮಾಪುರದವರಿಗೆ ಬರೆದದ್ದಕ್ಕೆ, ಬೇಗ ಕೈ ಹಾಕಬೇಡಿ. ವಾಕ್ಯ ಮುಗಿಯುವುದೇ ಇಲ್ಲ. ಮತ್ತೆ, ರವಾಂಗ್ ಮಾತಾಡುವವರ ರೆಕಾರ್ಡಿಂಗ್ ಇಲ್ಲದೆ ಬರೀ ಪುಸ್ತಕ ಹಿಡಿದು ಕೂರಬೇಡಿ. ಗೀಟು ಕಣ್ಣಿಗೆ ಕಾಣುತ್ತದೆ, ಎಷ್ಟು ಏರಬೇಕು ಅನ್ನುವುದು ಕಿವಿಯಿಂದಲೇ ಬರಬೇಕು.