ಸಿಆರ್‌ಎಸ್ ಬರುವ ಮೊದಲು ನಾನು ಪಾಯಿಂಟ್ ನೋಡಿಕೊಂಡ ಬಗೆ

ಹಾವೇರಿ ಕಡೆ ಜೋಡಿ ಹಳಿ ಕೆಲಸ ನಡೆದಾಗ ಒಂದು ಸಣ್ಣ ಸ್ಟೇಷನ್ನಿನ ಪಾಯಿಂಟ್‌ಗಳು ನನ್ನ ಪಾಲಿಗೆ ಬಂದವು. ಪಾಯಿಂಟ್ ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ. ನಾನು ಸಿಗ್ನಲ್ ವಿಭಾಗದವನು. ಹೊಸ ಹಳಿ ಮೇಲೆ ಪ್ಯಾಸೆಂಜರ್ ರೈಲು ಓಡಬೇಕಾದರೆ, 1989ರ ರೈಲ್ವೆ ಕಾಯ್ದೆ ಪ್ರಕಾರ, ರೈಲ್ವೆ ಸುರಕ್ಷತಾ ಆಯುಕ್ತರು ಮೊದಲು ಬಂದು ನೋಡಬೇಕು. ನಾವು ಸಿಆರ್‌ಎಸ್ ಅಂತೀವಿ. ಅವರು ರೈಲ್ವೆ ಮಂಡಳಿಯ ಕೈಕೆಳಗಿಲ್ಲ, ವಿಮಾನಯಾನ ಸಚಿವಾಲಯದ ಅಡಿ ಬರುತ್ತಾರೆ. ಅದೇ ಸರಿ. ಹಳಿ ಹಾಕಿದವರೇ ತಮ್ಮ ಹಳಿ ಪಾಸ್ ಮಾಡಿಕೊಳ್ಳಬಾರದು ಅಲ್ವಾ?

ಇನ್‌ಸ್ಪೆಕ್ಷನ್ ಅಂದ ತಕ್ಷಣ ಸುಣ್ಣ ಬಣ್ಣ ಶುರುವಾಗುತ್ತದೆ. ನಾನು ಮಾತ್ರ 5 ಮಿಲಿಮೀಟರ್ ದಪ್ಪದ ಟೆಸ್ಟ್ ಪೀಸ್ ಹಿಡಿದು ಪಾಯಿಂಟ್ ಹತ್ತಿರ ಹೋದೆ. ಟಂಗ್ ರೈಲು ಅಂದರೆ ಪಾಯಿಂಟ್ ತಿರುಗಿಸಿದಾಗ ಅತ್ತಿತ್ತ ಸರಿಯುವ ಚೂಪು ತುದಿಯ ಹಳಿ, ಸ್ಟಾಕ್ ರೈಲು ಅಂದರೆ ಅದು ಬಂದು ಒತ್ತಿಕೊಳ್ಳುವ ಪಕ್ಕದ ಹಳಿ. ಟಂಗ್ ರೈಲಿನ ತುದಿಯಿಂದ 150 ಮಿಲಿಮೀಟರ್ ದೂರದಲ್ಲಿ, ಸ್ಟಾಕ್ ರೈಲಿಗೂ ಅದಕ್ಕೂ ನಡುವೆ ಆ ಪೀಸ್ ಇಟ್ಟು ಪಾಯಿಂಟ್ ತಿರುಗಿಸಿದರೆ ಅದು ಲಾಕ್ ಆಗಲೇಬಾರದು. ಅಷ್ಟು ಸಂದಿ ಇದ್ದೂ ಲಾಕ್ ಆಯ್ತು ಅಂದರೆ ಸಿಗ್ನಲ್ ಹಸಿರಾಗಬಹುದು, ಗಾಲಿಯ ಅಂಚು ಆ ಸಂದಿಯಲ್ಲಿ ಹೊಕ್ಕರೆ ರೈಲು ಹಳಿ ತಪ್ಪುತ್ತದೆ.

ನಮ್ಮ ಒಂದು ಪಾಯಿಂಟ್ ಲಾಕ್ ಆಯ್ತು.

ನಾನು ಟಂಗ್ ರೈಲನ್ನು ಸರಿಸುವ ರಾಡ್‌ನ ನಟ್‌ಗೆ ಪಾನಾ ಹಾಕಿದೆ. ಪಕ್ಕದಲ್ಲಿದ್ದ ಹಿರಿಯ ಟ್ರ್ಯಾಕ್‌ಮ್ಯಾನ್ ಕಾಕಾ ತಡೆದರು. "ಸಾಹೇಬ್ರ, ನಟ್ ಆಮ್ಯಾಲೆ ತಿರುವ್ರಿ, ಮೊದಲ ಇಲ್ಲಿ ಕೈ ಇಟ್ಟು ನೋಡ್ರಿ" ಅಂದರು. ಸ್ಟಾಕ್ ರೈಲಿನ ಮೇಲೆ ಅಂಗೈ ಇಟ್ಟು ಮತ್ತೊಮ್ಮೆ ತಿರುಗಿಸಲು ಹೇಳಿದೆ. ಟಂಗ್ ರೈಲು ಒತ್ತಿದಾಗ ಸ್ಟಾಕ್ ರೈಲೇ ಒಂಚೂರು ಹೊರಗೆ ಸರಿದದ್ದು ಕೈಗೆ ಗೊತ್ತಾಯಿತು. ಅದನ್ನು ಹಿಡಿದಿದ್ದ ಬೋಲ್ಟ್ ಸಡಿಲ ಇತ್ತು. ಸುಮ್ನೆ ನಟ್ ಬಿಗಿದು ಬಂದಿದ್ದರೆ ನಾಲ್ಕು ರೈಲು ಹೋಗುವಷ್ಟರಲ್ಲಿ ಮತ್ತೆ ಅದೇ ಕತೆ. ಹಳಿ ವಿಭಾಗದವರು ಬೋಲ್ಟ್ ಬಿಗಿದು, ಸ್ಲೀಪರ್ ಕೆಳಗೆ ಜಲ್ಲಿ ತುಂಬಿ ಪ್ಯಾಕಿಂಗ್ ಮಾಡಿದ ಮೇಲೆಯೇ ನಾನು ರಾಡ್ ಹೊಂದಿಸಿದ್ದು. ಆಮೇಲೆ ಪೀಸ್ ಇಟ್ಟರೆ ಮೋಟಾರು ತಿರುಗುತ್ತಲೇ ಇತ್ತು, ಕ್ಲಚ್ ಜಾರುವ ಸದ್ದು ಬಂತು, ಲಾಕ್ ಬೀಳಲಿಲ್ಲ. ಬೆಳಗಿನ ತಂಪಿನಲ್ಲೂ ಮಧ್ಯಾಹ್ನದ ಬಿಸಿಲಲ್ಲೂ ಮತ್ತೆ ಮತ್ತೆ ನೋಡಿದೆ.

ಮೊದಲ ಸಲ ಫೇಲ್ ಆದದ್ದನ್ನು ರಿಜಿಸ್ಟರ್‌ನಲ್ಲಿ ಬರೆದಿದ್ದೆ. ಅದು ಯಾಕೆ ಬೇಕು, ಆ ಪುಟ ತೆಗೆದು ಹೊಸದಾಗಿ ಬರಿ ಅಂತ ಒಬ್ಬರು ಹೇಳಿದರು. ನಾನು ಹಾಗೆ ಮಾಡಲಿಲ್ಲ.

ಆಯುಕ್ತರು ಮೋಟಾರ್ ಟ್ರಾಲಿಯಲ್ಲಿ ಬಂದರು. ಹಳಿಯ ಗೇಜ್, ಪ್ಲಾಟ್‌ಫಾರ್ಮ್ ಎತ್ತರ ಅಳೆಸಿದರು. ನಮ್ಮ ಪಾಯಿಂಟ್ ಹತ್ತಿರ ಇಳಿದು ಪೀಸ್ ಇಡಿಸಿದರು, ಲಾಕ್ ಆಗಲಿಲ್ಲ. ಆಮೇಲೆ ರಿಜಿಸ್ಟರ್ ತಿರುವುತ್ತಾ ಸರಿಯಾಗಿ ಅದೇ ಸಾಲಿನ ಮೇಲೆ ಬೆರಳಿಟ್ಟು, ಇದಾದ ಮೇಲೆ ಏನು ಸರಿ ಮಾಡಿದಿರಿ ಅಂತ ಕೇಳಿದರು. ಬೋಲ್ಟ್ ತೋರಿಸಿದೆ. ಬಗ್ಗಿ, ಸ್ಟಾಕ್ ರೈಲಿನ ಮೇಲೆ ತಾವೇ ಕೈ ಇಟ್ಟು, ಇನ್ನೊಮ್ಮೆ ತಿರುಗಿಸಿ ಅಂದರು.

ಸಂಜೆ ಸ್ಪೀಡ್ ಟ್ರಯಲ್ ರೈಲು ಆ ಪಾಯಿಂಟ್ ದಾಟುವಾಗ ನಾನೂ ಕಾಕಾನೂ ದೂರದಲ್ಲಿ ನಿಂತು ನೋಡಿದೆವು.