ಬೀರುಗಳ ಬೀಗ ತೆಗೆಸಿದ್ದು: ನನ್ನ ಅನುಭವ

ಬಿ.ಲಿಬ್ (ಗ್ರಂಥಾಲಯ ವಿಜ್ಞಾನದ ಪದವಿ) ಓದೋವಾಗ, ಭಾರತದ ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರು ಗ್ರಂಥಾಲಯಕ್ಕೆ ಅಂತ ಹೇಳಿದ ಐದು ಸೂತ್ರ ಎಲ್ಲರೂ ಬಾಯಿಪಾಠ ಮಾಡಿರ್ತೀವಿ, 1931 ಅಂತ ಇಸವಿ ಸಮೇತ. ಮೊದಲನೇ ಸೂತ್ರ, ಪುಸ್ತಕ ಇರೋದು ಬಳಸೋಕೆ. ನಾನು ಕೆಲಸಕ್ಕೆ ಸೇರಿದ ಕಾಲೇಜಿನ ಲೈಬ್ರರೀಲಿ ಪುಸ್ತಕ ಎಲ್ಲಾ ಬೀರು ಒಳಗೆ, ಬೀಗದ ಕೈ ಅಟೆಂಡರ್ ಹತ್ರ, ಹುಡುಗರು ಚೀಟೀಲಿ ಹೆಸರು ಬರೆದು ಕೊಡ್ಬೇಕು. ಇದೆ ಅಂತಾನೇ ಗೊತ್ತಿಲ್ಲದ ಪುಸ್ತಕನ ಯಾರು ತಾನೇ ಕೇಳ್ತಾರೆ?

ಬೀಗಕ್ಕೆ ಕಾರಣ ಭಯ. ಸ್ಟಾಕ್ ವೆರಿಫಿಕೇಶನ್‌ನಲ್ಲಿ, ಅಂದ್ರೆ ಪುಸ್ತಕ ಎಲ್ಲಾ ಇದೆಯಾ ಅಂತ ಎಣಿಸಿ ನೋಡೋವಾಗ, ಕಮ್ಮಿ ಬಂದ್ರೆ ಲೈಬ್ರರಿಯನ್ ಸಂಬಳದಲ್ಲಿ ಹಿಡೀತಾರೆ ಅಂತ. ನಾನು ಕೇಂದ್ರ ಸರ್ಕಾರದ ಜನರಲ್ ಫೈನಾನ್ಶಿಯಲ್ ರೂಲ್ಸ್ (ಹಣಕಾಸಿನ ನಿಯಮಗಳು) 2017, ರೂಲ್ 215 ಪ್ರಿಂಟ್ ತಗೊಂಡು ಪ್ರಿನ್ಸಿಪಾಲ್ ಹತ್ರ ಹೋದೆ. ಅದರ ಪ್ರಕಾರ, ವರ್ಷಕ್ಕೆ ಓದೋಕೆ ಹೋದ ಪ್ರತಿ 1000 ಪುಸ್ತಕಕ್ಕೆ 5 ಕಳೆದ್ರೆ ಸಹಜ ಅಂತ ತಗೋಬಹುದು, ಮೋಸ ನಿರ್ಲಕ್ಷ್ಯ ಇರಬಾರದು ಅಷ್ಟೇ. 1000 ರೂಪಾಯಿಗಿಂತ ಜಾಸ್ತಿ ಬೆಲೆದು ಅಥವಾ ಅಪರೂಪದ್ದು ಹೋದ್ರೆ ಮಾತ್ರ ವಿಚಾರಣೆ ಆಗಲೇಬೇಕು. "ಸರ್, ಇದು ನಮ್ಮ ಕಾಲೇಜಿಗೆ ನೇರವಾಗಿ ಅನ್ವಯ ಆಗಲ್ಲ, ಆದ್ರೆ ಇದೇ ಮಾದರೀಲಿ ನಮ್ಮ ಕಮಿಟಿ ಒಂದು ಠರಾವು ಮಾಡ್ಲಿ" ಅಂದೆ. ಮಾಡಿದ್ರು.

ಬೀಗ ತೆಗೆದ್ರೆ ಮುಗೀಲಿಲ್ಲ, ಒಳಗೆ ಪುಸ್ತಕ ಇದ್ದಿದ್ದು ಅಕ್ಸೆಶನ್ ನಂಬರ್ ಪ್ರಕಾರ, ಅಂದ್ರೆ ಬಂದ ಕ್ರಮದಲ್ಲಿ, ಕೆಮಿಸ್ಟ್ರಿ ಪಕ್ಕ ಕಾದಂಬರಿ. ಎಲ್ಲಾ ಇಳಿಸಿ ಡ್ಯೂಯಿ ಪ್ರಕಾರ, ಅಂದ್ರೆ ವಿಷಯಕ್ಕೊಂದು ನಂಬರ್ ಕೊಡೋ ಪದ್ಧತೀಲಿ, ಜೋಡಿಸಿದ್ವಿ. ಕನ್ನಡ ಸಾಹಿತ್ಯಕ್ಕೆ 894.814, ಅದಕ್ಕೆ 1 ಸೇರಿದ್ರೆ ಕಾವ್ಯ, 2 ನಾಟಕ, 3 ಕಾದಂಬರಿ ಕಥೆ. ಲೇಖಕರ ಹೆಸರಲ್ಲೇ ಹೆಚ್ಚು ಹೊತ್ತು ಹೋಗಿದ್ದು. ಕಾದಂಬರಿಗಾರ್ತಿ ತ್ರಿವೇಣಿ ಅವರನ್ನ ಅನಸೂಯಾ ಶಂಕರ್ ಅನ್ನೋ ನಿಜ ಹೆಸರಲ್ಲಿ ಹುಡುಕೋರು ಯಾರೂ ಇಲ್ಲ, ಹಾಗಾಗಿ ಪುಸ್ತಕಗಳ ಕ್ಯಾಟಲಾಗ್‌ನಲ್ಲಿ ಓದುಗರಿಗೆ ಗೊತ್ತಿರೋ ಹೆಸರೇ ಮುಖ್ಯ, ಇನ್ನೊಂದು ಹೆಸರಿಂದ ಅಲ್ಲಿಗೆ 'ನೋಡಿ' ಅಂತ ಸೂಚನೆ. ಈ ನಿರ್ಧಾರಗಳನ್ನೆಲ್ಲ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ, ಇಲ್ಲಾಂದ್ರೆ ಮುಂದೆ ಬರೋರು ಬೇರೆ ಥರ ಮಾಡ್ತಾರೆ.

ಓದಿದ ಪುಸ್ತಕನ ವಾಪಸ್ ಶೆಲ್ಫಿಗೆ ಇಡಬೇಡಿ, ಮೇಜಿನ ಮೇಲೇ ಬಿಡಿ ಅಂತ ಹುಡುಗರಿಗೆ ಹೇಳ್ದೆ. ಜಾಗ ತಪ್ಪಿ ಇಟ್ಟ ಪುಸ್ತಕ ಕಳೆದ ಹಾಗೇನೇ. ಸಂಜೆ ಮೇಜಿನ ಮೇಲಿರೋದನ್ನ ಎಣಿಸಿ ರಿಜಿಸ್ಟರಲ್ಲಿ ಬರೀತೀವಿ, ಇಶ್ಯೂ ಆಗದೆ ಅಲ್ಲೇ ಕೂತು ಓದಿದ್ದೂ ಲೆಕ್ಕಕ್ಕೆ ಸಿಗುತ್ತೆ, ಆ 1000ದ ಲೆಕ್ಕಕ್ಕೂ ಅದೇ ದಾಖಲೆ.

ಹಳೇ ಅಪರೂಪದ ಪುಸ್ತಕಗಳ ಒಂದು ಬೀರು ಈಗಲೂ ಬೀಗದಲ್ಲಿದೆ, ಆದ್ರೆ ಒಳಗೇನಿದೆ ಅನ್ನೋ ಪಟ್ಟಿ ಬಾಗಿಲಿಗೇ ಅಂಟಿಸಿದೀನಿ, ಕೇಳಿದೋರಿಗೆ ತೆಗೆದು ಕೊಡ್ತೀವಿ.