ಅಮ್ಮನ ಇಂಜೆಕ್ಷನ್, ನನ್ನ ಬೂಮ್ ಮೈಕ್

ನಾನು ತುಳು, ಕನ್ನಡ ಸಿನಿಮಾಗಳಲ್ಲಿ ಸಿಂಕ್ ಸೌಂಡ್ ಕೆಲಸ ಮಾಡುತ್ತೇನೆ. ಅಂದರೆ ಡಬ್ಬಿಂಗ್ ಮಾಡದೆ ಶೂಟಿಂಗ್ ಜಾಗದಲ್ಲೇ ಮಾತು ರೆಕಾರ್ಡ್ ಮಾಡುವುದು. ಬಡತನದಿಂದ ಇಲ್ಲಿಗೆ ಹೇಗೆ ಬಂದೆ ಎಂದು ಕೇಳುವವರಿಗೆ "ತುಂಬಾ ಕಷ್ಟಪಟ್ಟೆ" ಅನ್ನುವ ಉತ್ತರ ಬೇಕು. ನನಗಿಂತ ಜಾಸ್ತಿ ಕಷ್ಟಪಟ್ಟವರು ಅಮ್ಮ, ಅವರಿಗೆ ಏನು ಸಿಕ್ಕಿತು? ಅಮ್ಮನ ಮದ್ದು ಒಂದು ಹಂತಕ್ಕೆ ಬಂದ ಮೇಲೆಯೇ ನನ್ನ ಕೆಲಸ ಒಂದು ನೆಲೆಗೆ ನಿಂತದ್ದು.

ಸುರತ್ಕಲ್ ಹತ್ತಿರ ನಮ್ಮ ಮನೆ. ಅಮ್ಮ ಬೀಡಿ ಕಟ್ಟುತ್ತಿದ್ದರು, ಸಾವಿರಕ್ಕೆ ಇಷ್ಟು ಎಂದು ಮಜೂರಿ. ನಾನು ಹೈಸ್ಕೂಲಿನಲ್ಲಿದ್ದಾಗ ಅವರಿಗೆ ಯಾರೋ ಬೈಯುವ ಸ್ವರ ಕೇಳಲು ಶುರುವಾಯಿತು, ಎಲೆ ಕತ್ತರಿಸುತ್ತಲೇ ಅದಕ್ಕೆ ಉತ್ತರ ಕೊಡುತ್ತಿದ್ದರು. ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಿದ್ದಾಯಿತು, ಹರಕೆ ಆಯಿತು, ಸಾಲವೂ ಆಯಿತು. ಸ್ಕಿಜೋಫ್ರೇನಿಯಾ ಎಂದು ಡಾಕ್ಟರ್ ಹೇಳುವಾಗ ನಾನು ಪಿಯುಸಿ ಬಿಟ್ಟು ಮೈಕ್ ಸೆಟ್‌ನವರ ಜೊತೆ ವಯರ್ ಎಳೆಯುತ್ತಿದ್ದೆ.

ಕಿವಿ ತಯಾರಾದದ್ದು ಅಲ್ಲಿ, ಯಕ್ಷಗಾನದ ಮೈಕಿನಲ್ಲಿ. ಚೆಂಡೆ ಎಷ್ಟೇ ಬಡಿಯಲಿ, ಭಾಗವತರ ಪದ ಕೇಳಬೇಕು, ವೇಷಧಾರಿ ಆ ಕಡೆ ತಿರುಗಿ ಮಾತಾಡಿದರೂ ಒಂದಕ್ಷರ ಹೋಗಬಾರದು. ಮೇ ಕೊನೆಗೆ ಬರುವ ಪತ್ತನಾಜೆ ದಿನ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದರೆ ನಮಗೂ ಕೆಲಸ ಇಲ್ಲ. ಅಂಥ ಸಮಯದಲ್ಲೇ ಒಂದು ಸಿನಿಮಾದವರಿಗೆ ಬೂಮ್ (ಉದ್ದ ಕೋಲಿಗೆ ಕಟ್ಟಿದ ಮೈಕ್) ಹಿಡಿಯಲು ಹುಡುಗ ಬೇಕಾಗಿತ್ತು, ಹೋದೆ. ಯಾವ ಲೆನ್ಸ್ ಹಾಕಿದ್ದಾರೆ ಎಂದು ಮೊದಲು ಕೇಳು, ಮೈಕಿನ ನೆರಳು ಎಲ್ಲಿ ಬೀಳುತ್ತದೆ ನೋಡು, ಸದ್ದು ಬರುತ್ತದೆಂದು ಫ್ರಿಜ್ ಆಫ್ ಮಾಡಿದರೆ ಬೈಕ್ ಕೀ ಅದರೊಳಗಿಡು (ಇಲ್ಲದಿದ್ದರೆ ಆನ್ ಮಾಡಲು ಮರೆತು ಮನೆಯವರ ಮೀನೆಲ್ಲ ಹಾಳು!). ಕಲಿತದ್ದು ಹೀಗೆ.

ತುಳು ಸಿನಿಮಾ 1971ರಿಂದ ಉಂಟು, ಆದರೆ ಮಾರ್ಕೆಟ್ ಹೆಚ್ಚಾಗಿ ಕರಾವಳಿಯದ್ದೇ, ಬಜೆಟ್ ಸಣ್ಣದು, ದುಡ್ಡು ತಡ. ಇತ್ತ ಅಮ್ಮ ಸ್ವಲ್ಪ ಹುಷಾರಾದ ಕೂಡಲೇ ಮಾತ್ರೆ ಬಿಡುತ್ತಿದ್ದರು, ಕೆಲವು ವಾರದಲ್ಲಿ ಸ್ವರಗಳು ಮತ್ತೆ ಬರುತ್ತಿದ್ದವು, ನಾನು ಶೂಟಿಂಗ್ ಅರ್ಧಕ್ಕೆ ಬಿಟ್ಟು ಓಡಬೇಕಾಗುತ್ತಿತ್ತು. ಕೊನೆಗೆ ಡಾಕ್ಟರ್ ಮಾತ್ರೆಯ ಬದಲು ತಿಂಗಳಿಗೊಮ್ಮೆ ಇಂಜೆಕ್ಷನ್ ಶುರು ಮಾಡಿದರು. ಎಲ್ಲರಿಗೂ ಅದೇ ಸರಿ ಅಂತಲ್ಲ, ಅಮ್ಮನಿಗೆ ಹಿಡಿಸಿತು.

ಈಗ ಕೆಲಸ ಒಪ್ಪುವ ಮೊದಲೇ ಮ್ಯಾನೇಜರ್‌ಗೆ ಎರಡು ಮಾತು ಹೇಳುತ್ತೇನೆ. ಬಟ್ಟಾ (ದಿನದ ಭತ್ಯೆ) ವಾರವಾರ ಕೈಗೆ ಬರಬೇಕು. ಇಂಜೆಕ್ಷನ್ ದಿನ ನಾನು ಇರುವುದಿಲ್ಲ, ನನ್ನ ಬದಲಿಗೆ ಹುಡುಗನನ್ನು ನಾನೇ ಕಳಿಸುತ್ತೇನೆ. "ಅಮ್ಮನಿಗೆ ಜ್ವರ" ಎಂದು ಸುಳ್ಳು ಹೇಳುವುದಿಲ್ಲ, ಕಾಯಿಲೆಯ ಹೆಸರೇ ಹೇಳುತ್ತೇನೆ. ಕೆಲವರು ಮತ್ತೆ ಫೋನ್ ಮಾಡಲಿಲ್ಲ, ಹೋಗಲಿ. ಆದರೆ ಒಮ್ಮೆ ಲೈಟ್ ಹುಡುಗನೊಬ್ಬ ಪ್ಯಾಕಪ್ ಆದ ಮೇಲೆ ಬಂದು "ಅಣ್ಣಾ, ನನ್ನ ತಮ್ಮನಿಗೂ ಹಾಗೇ ಉಂಟು" ಅಂದ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಕೊಟ್ಟೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.